ವಯಸ್ಸು ಇಳಿಸಿದವರು

ಜಯಲತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮುಂಬಯಿ ಪಕ್ಕದ ಡೊಂಬಿವಲಿಯ ನೆಂಟರಿಷ್ಟರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಂಐಡಿಸಿ ಕಾರ್ಖಾನೆಗಳ ಪಕ್ಕದ ಅಪ್ಪನ ಹೋಟೆಲಿನ ಮೇಲೆ, ಹೊಗೆ ಮುಚ್ಚಿದ ಆಕಾಶದಡಿ ಬೆಳೆದ ಹುಡುಗಿ ಖಗೋಳ ವಿಜ್ಞಾನ ಓದಬೇಕಾದರೆ ಸಿಟ್ಟು ಇರಲೇಬೇಕು. ‘ಇಡ್ಲಿ ಮಾರುವವರಿಗೆ ನಕ್ಷತ್ರ ಎಂತಕ್ಕೆ’ ಎಂದು ನಕ್ಕವರ ಎದುರಿಗೇ ಅವಳು ಡಾಕ್ಟರೇಟ್ ತಂದಳು.

ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಘಣಸೋಲಿಯ ಸಂಶೋಧನಾ ಕೇಂದ್ರಕ್ಕೆ ಹೋಗುತ್ತಿದ್ದಳು. ದೂರದ ಒಂದು ನಕ್ಷತ್ರವನ್ನು ಸುತ್ತುವ ಎಳೆಯ ದೈತ್ಯ ಗ್ರಹವನ್ನು ಅಳೆಯುವುದು ಅವಳ ಕೆಲಸ. ಹೊರದೇಶದ ದೂರದರ್ಶಕ ಕಳಿಸುವ ಚಿತ್ರದಲ್ಲಿ ಅದೊಂದು ಮಂಕು ಚುಕ್ಕೆ. ನಕ್ಷತ್ರದ ಕಣ್ಣು ಕುಕ್ಕುವ ಬೆಳಕನ್ನು ಕಳೆದು ಆ ಚುಕ್ಕೆಯ ಬೆಳಕನ್ನಷ್ಟೇ ಉಳಿಸಿಕೊಳ್ಳುವುದಕ್ಕೆ ಅವಳಿಗೆ ನಾಲ್ಕು ವರ್ಷ ಹಿಡಿಯಿತು. ಹುಟ್ಟಿದ ಬಿಸಿ ಆರದ ಗ್ರಹ ತಾನೇ ಹೊಳೆಯುತ್ತದೆ, ವಯಸ್ಸಾದಂತೆ ಮಂಕಾಗುತ್ತದೆ. ಹೊಳಪೂ ವಯಸ್ಸೂ ಗೊತ್ತಾದರೆ ತೂಕ ಸಿಗುತ್ತದೆ. ಗ್ರಹದ ವಯಸ್ಸೆಂದರೆ ಅದರ ನಕ್ಷತ್ರದ ವಯಸ್ಸೇ; ಅದು ತಪ್ಪಿದರೆ ತೂಕವೂ ತಪ್ಪು.

ತಪ್ಪಿದ್ದು ಅಲ್ಲೇ. ಮುಖ್ಯಸ್ಥ ಪುಂಡರೀಕಾಕ್ಷರು, ಪಕ್ಕದಲ್ಲಿ ಎಳೆಯ ನಕ್ಷತ್ರಗಳ ಗುಂಪಿದೆ, ಇದೂ ಅದೇ ಗುಂಪಿನದು ಎಂದು ಪ್ರಬಂಧದಲ್ಲಿ ನಕ್ಷತ್ರದ ವಯಸ್ಸನ್ನು ಕಡಿಮೆ ಬರೆದುಬಿಟ್ಟಿದ್ದರು. ನೆರೆಮನೆ ಮಗುವಿಗೆ ಐದು ವರ್ಷವಾದರೆ ನಮ್ಮ ಮನೆಯ ಅಜ್ಜನಿಗೂ ಐದೇ ಎಂದ ಹಾಗೆ! ನಕ್ಷತ್ರಕ್ಕೆ ವಯಸ್ಸಾದಂತೆ ಸವೆಯುವ ಲಿಥಿಯಂ ಇದರ ಬೆಳಕಿನಲ್ಲಿ ಆಗಲೇ ಸವೆದಿರುವುದನ್ನು ಜಯಲತಾ ತೋರಿಸಿದಳು: ನಕ್ಷತ್ರ ಅವರು ಬರೆದದ್ದಕ್ಕಿಂತ ಬಹಳ ಹಳೆಯದು, ಗ್ರಹ ಎರಡು ಪಟ್ಟು ಭಾರ. ಆದರೆ ‘ಚಿತ್ರದಲ್ಲಿ ಸಿಕ್ಕ ಅತಿ ಹಗುರ ಗ್ರಹ’ ಎಂದು ಅವರು ಆಗಲೇ ಪತ್ರಿಕೆಯವರಿಗೆ ಹೇಳಿಯಾಗಿತ್ತು.

“ಸ್ವಲ್ಪ ಹೊಂದಿಸ್ಕೊಳ್ಳಮ್ಮ, ಆಕಾಶಕ್ಕೆ ಹೋಗಿ ಯಾರು ಕೇಳ್ತಾರೆ?” ಎಂದರು.

ಅವಳ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಭಾನುವಾರ ಬಂತು. ಘೋಡಬಂದರ್ ರಸ್ತೆಯಿಂದ ಅವಳನ್ನು ನೋಡಲು ಹುಡುಗನ ಮನೆಯವರೂ ಬಂದರು. ಹುಡುಗನ ತಾಯಿ ದ್ರೌಪದಿ ಶೀರಾ ತಿನ್ನುತ್ತಾ, “ಇಪ್ಪತ್ತೆಂಟಕ್ಕೇ ಡಾಕ್ಟರೇಟಾ! ಭಾರೀ ಹುಷಾರು” ಎಂದರು. ಜಯಲತಾ ತನ್ನ ಅಮ್ಮ ಉಮಾವತಿಯ ಕಡೆ ನೋಡಿದಳು. ಉಮಾವತಿ ಕಿಟಕಿಯ ಕಡೆ ನೋಡಿದರು.

“ಇಪ್ಪತ್ತೆಂಟಲ್ಲ, ನನಗೆ ಮೂವತ್ತೆರಡು.”

ಹುಡುಗ ಕೌಶಲ್ ಮೊಬೈಲಿನಿಂದ ತಲೆ ಎತ್ತಿ, “ಮತ್ಲಬ್ ಮೇರೇಸೇ ಬಡೀ ಹೈ?” ಎಂದ, ತನಗಿಂತ ದೊಡ್ಡವಳೇ ಎಂದು ಬೆರಗಾಗಿ. ಶೀರಾ ತಟ್ಟೆಯಲ್ಲೇ ಉಳಿಯಿತು.

ಅವರು ಲಿಫ್ಟ್ ಇಳಿಯುವುದಕ್ಕೂ ಕಾಯದೆ ಉಮಾವತಿ ಶುರುಮಾಡಿದರು. “ಬಾಯಿ ಮುಚ್ಚಿ ಕೂತ್ಕೊಳ್ಲಿಕ್ಕೆ ನಿಂಗೆ ಎಂತ ಕಷ್ಟ ಮಾರಾಯ್ತಿ? ನಾಲ್ಕು ವರ್ಷ ಕಡಿಮೆ ಹೇಳಿದ್ರೆ ಯಾರ ಗಂಟು ಹೋಗ್ತದೆ?”

“ಆ ನಾಲ್ಕೇ ವರ್ಷ ಅಮ್ಮ, ನಾನು ದುಡಿದದ್ದು. ಅದನ್ನೇ ಇಲ್ಲ ಅಂತೀಯಲ್ಲ!” ಹೇಳುತ್ತಿದ್ದಂತೆ ಅಳು ಬಂತು. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ತುಂಬಿದ ಗಾಡಿಯಲ್ಲಿ ನಿಂತು ಮಾತು ಜೋಡಿಸಿಕೊಂಡಳು: ನಕ್ಷತ್ರದ ವಯಸ್ಸು ಸರಿಮಾಡಿ, ಇಲ್ಲವಾದರೆ ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ. ಹೆಸರು ಹೋದರೆ ಮುಂದಿನ ಕೆಲಸವೂ ಹೋದಂತೆಯೇ. ಗೊತ್ತಿದ್ದೂ ಗಟ್ಟಿ ಮನಸ್ಸು ಮಾಡಿದ್ದಳು.

ಪುಂಡರೀಕಾಕ್ಷರು ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. “ಪ್ರಬಂಧ ಶನಿವಾರನೇ ಕಳಿಸಿದೆ. ನಿನಗೆ ಮನಸ್ಸಿರಲಿಲ್ಲವಲ್ಲ, ಅದಕ್ಕೆ ಹೆಸರು ಬಿಟ್ಟಿದೀನಿ. ಕೊನೇಲಿ ಥ್ಯಾಂಕ್ಸ್ ಹೇಳಿದೀನಿ ನೋಡು.”

ನೋಡಿದಳು. ಅವಳು ಬಿಡಿಸಿ ತೆಗೆದ ಹೊಳಪು, ಅವಳು ಅಳೆದ ಬಿಸಿ, ಒಂದು ಅಂಕಿಯೂ ಬಿಡದೆ ಎಲ್ಲ ಅಲ್ಲಿತ್ತು. ಕೆಳಗೆ ಅವರು ಹಾಕಿದ ವಯಸ್ಸು, ಅವರು ಹಾಕಿದ ತೂಕ, ಅವರ ಹೆಸರು. ಬಿಟ್ಟುಕೊಡುತ್ತೇನೆಂದು ಬೀಗುತ್ತಾ ಬಂದ ಹೆಸರನ್ನು ಅವರು ಎರಡು ದಿನ ಮೊದಲೇ ಕಿತ್ತುಕೊಂಡಿದ್ದರು.

ಜಯಲತಾ ತನ್ನ ಮೇಜಿಗೆ ಹೋಗಿ ಕಂಪ್ಯೂಟರ್ ತೆರೆದು, ಪ್ರಬಂಧ ಹೋದ ನಿಯತಕಾಲಿಕದ ಸಂಪಾದಕರಿಗೆ ಬರೆಯತೊಡಗಿದಳು: “ಈ ಗ್ರಹವನ್ನು ಅಳೆದವಳು ನಾನು. ತೂಕ ತಪ್ಪಿದೆ.”