ಕಟ್ಟೆಯಲ್ಲಿ ನೀರಿದೆ, ಕೂಲಿ ಯಾರಿಗೆ ಸಿಕ್ಕಿತು?

ಬೆಳಗಿನ ಆರಕ್ಕೆ ಇನ್ನೂ ಮಬ್ಬು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ಕ್ಯಾನು, ಚೊಂಬು ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದಾರೆ. ಪಾತ್ರೆಯಿಲ್ಲದೆ ಬರಿಗೈಯಲ್ಲಿ ಬಂದಿರುವವರು ಮುನಿರತ್ನಮ್ಮ ಒಬ್ಬರೇ. ಹಾಲು ಹಾಕಿ ಹೊರಬಂದವರನ್ನು ಅವರು ಮಾತಿಗೆಳೆಯುತ್ತಾರೆ. ಮೊದಲು ಹಸುವಿನ ಯೋಗಕ್ಷೇಮ, ಆಮೇಲೆ ಮಕ್ಕಳದ್ದು. ಅಸಲು ಪ್ರಶ್ನೆ ಕೊನೆಗೆ ಬರುತ್ತದೆ: "ಹೋದ ಬೇಸಿಗೇಲಿ ಬದು ಹಾಕೋ ಕೆಲ್ಸ ಆಯ್ತಂತಲ್ಲ, ಯಾರ್ಯಾರು ಹೋಗಿದ್ರಿ?"

"ಮನೆ ಕದ ತಟ್ಟಿದ್ರೆ ಆಫೀಸಿನೋರು ಅಂತ ಬಾಯಿ ಹೊಲ್ಕೊಂಡ್ಬಿಡ್ತಾರೆ. ಡೇರಿ ಹತ್ರ ಹಂಗಲ್ಲ. ಒಬ್ರು ಹೇಳಿದ್ದನ್ನ ಇನ್ನೊಬ್ರು ತಿದ್ತಾರೆ. ನಂಗೆ ಬೇಕಾಗಿರೋದು ಆ ತಿದ್ದೋದೇ," ಎನ್ನುತ್ತಾರೆ ಅವರು.

ಮುನಿರತ್ನಮ್ಮನವರ ಕೆಲಸಕ್ಕೆ ಸರ್ಕಾರಿ ಭಾಷೆಯಲ್ಲಿ ಸಾಮಾಜಿಕ ಪರಿಶೋಧನೆ ಎಂದು ಹೆಸರು. ಉದ್ಯೋಗ ಖಾತ್ರಿಯ ಕೆಲಸ ನಿಜಕ್ಕೂ ನಡೆಯಿತೇ, ಕೂಲಿ ದುಡಿದವರ ಕೈಗೇ ಹೋಯಿತೇ ಎಂದು ಊರವರನ್ನು ಕೇಳಿ, ಅವರು ಹೇಳಿದ್ದನ್ನು ಗ್ರಾಮಸಭೆಯಲ್ಲಿ ಅವರ ಮುಂದೆಯೇ ಓದಬೇಕು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಈ ಕೆಲಸವಿರುತ್ತದೆ. ಉಳಿದ ದಿನ ಅವರು ದೊಡ್ಡಬಳ್ಳಾಪುರದ ತಮ್ಮ ಮನೆಯ ಜಗಲಿಯಲ್ಲಿ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾರೆ.

ಅವರು ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ಕೊರೊನಾ ವರ್ಷ ಸೀರೆ ಕೊಳ್ಳುವವರಿಲ್ಲದೆ ಬೀದಿಯ ವಿದ್ಯುತ್ ಮಗ್ಗಗಳೆಲ್ಲ ನಿಂತವು. ಗಂಡ ವೆಂಕಟರಮಣಪ್ಪ ತಳ್ಳುಗಾಡಿಯಲ್ಲಿ ಸೊಪ್ಪು ಮಾರಲು ಹೊರಟರು. ಸರ್ಕಾರ ಒಂದರ ಮೇಲೊಂದು ನೆರವು, ಸುಧಾರಣೆ ಪ್ರಕಟಿಸುತ್ತಿದ್ದ ದಿನಗಳವು. "ಟಿವೀಲಿ ಕೊಟ್ವಿ ಅನ್ನೋರು, ಬೀದೀಲಿ ಬರ್ಲಿಲ್ಲ ಅನ್ನೋರು. ಇಬ್ರೂ ಸುಳ್ಳು ಹೇಳ್ತಿಲ್ಲ ಅನ್ಸೋದು. ಹಂಗಾದ್ರೆ ಮಧ್ಯದಲ್ಲಿ ಏನಾಯ್ತು? ನೋಡ್ಬೇಕು ಅನ್ನೋ ಚಪಲ ನಂಗೆ." ಪರಿಶೋಧನೆಗೆ ಜನ ಬೇಕು ಎಂದು ಸ್ತ್ರೀಶಕ್ತಿ ಸಂಘದಲ್ಲಿ ಕೇಳಿದಾಗ ಮೊದಲು ಕೈಯೆತ್ತಿದವರು ಅವರೇ.

ಆ ಚಪಲ ಅವರನ್ನು ತವರಿನ ಬಾಗಿಲಿಗೇ ಕರೆದೊಯ್ದಿತು. ಆ ಕಥೆ ಹೇಳುವ ಮುನ್ನ ಅವರದೊಂದು ಷರತ್ತು: ಊರಿನ ಹೆಸರು ಬರೆಯಬಾರದು. "ತಮ್ಮನ ಹೆಸ್ರು ಬರೀರಿ. ಅವ್ನೇ ಬರೀಲಿ ಅಂದಿದಾನೆ."

ಆ ಕೊರೊನಾ ವರ್ಷದ ಕೆಲಸಗಳನ್ನು ಪರಿಶೀಲಿಸಲು ಅವರು ತವರಿಗೆ ಹತ್ತಿರದ ಆ ಊರಿಗೆ ಹೋದಾಗ ಅಲ್ಲಿನ ಸಣ್ಣ ಕೆರೆ, ಊರವರ ಮಾತಿನ ಕಟ್ಟೆ, ತುಂಬಿ ತುಳುಕುತ್ತಿತ್ತು. ಹೂಳೆತ್ತಿದ ಕೆಲಸ ಅಚ್ಚುಕಟ್ಟಾಗಿತ್ತು. ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೂ ಡೇರಿಯ ಬಳಿ ಪಾಪಕ್ಕ ಎಂಬ ಹಿರಿಯರನ್ನು ಕೇಳಿದರು, ಕಟ್ಟೆಯಲ್ಲಿ ಎಷ್ಟು ದಿನ ಮಣ್ಣು ಹೊತ್ತಿರಿ ಎಂದು.

"ಎಲ್ಲಿ ಹೊರೋದವ್ವ? ಗುದ್ಲಿ ಮಂಕ್ರಿ ತಕ್ಕೊಂಡು ಹೋದ್ವಿ. ಅಷ್ಟೊತ್ಗೆ ಹಳ್ದಿ ಮಿಷನ್ನು ಇಳ್ದಿತ್ತು. ಏರಿ ಮೇಲೆ ಕುಂತ್ಕೊಂಡು ನೋಡಿದ್ವಿ, ಎದ್ದು ಬಂದ್ವಿ."

"ಯಾರ ಮಿಷನ್ನು?"

"ನಂಗೇನ್ ಗೊತ್ತು. ನನ್ನ ಮೊಮ್ಮಗಳು ಓದಿದ್ಲು. ಮುಂದ್ಗಡೆ ದೊಡ್ಡದಾಗಿ ಗಂಗಲಕ್ಷ್ಮಮ್ಮನ ಆಶೀರ್ವಾದ ಅಂತಿತ್ತಂತೆ."

ಗಂಗಲಕ್ಷ್ಮಮ್ಮ ಎಂದರೆ ಮುನಿರತ್ನಮ್ಮನವರ ತಾಯಿ. ತಮ್ಮ ಸುನಿಲ್‌ಕುಮಾರ್ ಮಗ್ಗ ಮಾರಿ, ಸಾಲ ಮಾಡಿ ಆ ಮಣ್ಣು ಅಗೆಯುವ ಯಂತ್ರ ತಂದಾಗ ಅದಕ್ಕೆ ಆರತಿ ಎತ್ತಿದ್ದವರೂ ಅಕ್ಕ ಮುನಿರತ್ನಮ್ಮನವರೇ.

ಉದ್ಯೋಗ ಖಾತ್ರಿಯಲ್ಲಿ ಮಣ್ಣಿನ ಕೆಲಸ ಆಳುಗಳ ಕೈಯಿಂದಲೇ ಆಗಬೇಕು, ಯಂತ್ರ ತರುವಂತಿಲ್ಲ. ಅಂದು ಸಂಜೆ ಅವರು ತವರಿಗೆ ಹೋದರು. ತಮ್ಮ ಮುಚ್ಚಿಡಲಿಲ್ಲ. "ಮಿಷನ್ ನಿಂತು ತುಕ್ಕು ಹಿಡೀತಿತ್ತು ಅಕ್ಕ. ಕರುದ್ರು, ಹೋದೆ. ಹೊಟ್ಟೆ ನಂಗೂ ಇಲ್ವಾ?"

"ಐತಪ್ಪ. ಇಲ್ಲ ಅಂದೋರ್ಯಾರು? ಆದ್ರೆ ನಾನು ಬರೀದೆ ಇರಕ್ಕಾಗಲ್ಲ."

"ಬೇರೆಯವ್ರ ಕೈಲಿ ಬರುಸ್ಬೋದಿತ್ತಲ್ಲ," ಎಂದರು ತಾಯಿ. ಮರುದಿನ ಮುನಿರತ್ನಮ್ಮ ಮೇಲ್ವಿಚಾರಕರಿಗೆ ವಿಷಯ ತಿಳಿಸಿ, ಕಟ್ಟೆಯ ಪರಿಶೀಲನೆಯನ್ನು ಜೊತೆಗಾರ್ತಿ ಮಮತ ಅವರಿಗೆ ವಹಿಸಿದರು. ಮಮತ ಊರೆಲ್ಲ ಮತ್ತೊಮ್ಮೆ ಕೇಳಿಬಂದರು. ಉತ್ತರ ಬದಲಾಗಲಿಲ್ಲ.

ಗ್ರಾಮಸಭೆಯಲ್ಲಿ ಮಮತ ಓದಿ ಮುಗಿಸುತ್ತಿದ್ದಂತೆ ಮುನಿರತ್ನಮ್ಮ ಎದ್ದು ನಿಂತರು. "ಆ ಮಿಷನ್ನು ನನ್ನ ತಮ್ಮಂದು. ಆಮೇಲೆ ಗೊತ್ತಾಗೋದು ಬೇಡ ಅಂತ ಈಗ್ಲೇ ಹೇಳ್ತಿದೀನಿ." ಮುಂದಿನ ಸಾಲಿನ ಒಬ್ಬರು ಕೇಳಿದರು: "ಆಗ್ಲಿ ಬಿಡಮ್ಮ, ಕಟ್ಟೆ ತುಂಬೈತಲ್ಲ. ಬೋರ್‌ವೆಲ್‌ಗೆಲ್ಲ ನೀರು ಬಂತು. ಕೈಯಾದ್ರೇನು, ಮಿಷನ್ನಾದ್ರೇನು?"

ಉತ್ತರ ಕೊಟ್ಟವರು ಪಾಪಕ್ಕ. "ಕಟ್ಟೆ ಮುಂದಿನ್ ವರ್ಷಾನೂ ತುಂಬೋದು ಕಣಪ್ಪ. ನಮ್ ಹೊಟ್ಟೆ ಆ ವರ್ಷ ತುಂಬ್ಬೇಕಾಗಿತ್ತು."

ಹಿಂದಿನಿಂದ ಇನ್ನೊಂದು ದನಿ ಬಂತು. ಸುನಿಲ್‌ಕುಮಾರ್ ಯಾವಾಗಲೋ ಬಂದು ಬಾಗಿಲ ಬಳಿ ನಿಂತಿದ್ದರು. "ಅಕ್ಕ ಹೇಳಿದ್ದು ದಿಟ. ಅಗ್ದಿದ್ದು ನಾನೇ," ಎಂದಷ್ಟೇ ಹೇಳಿ ಹೊರನಡೆದರು.

ವರದಿ ಎರಡೂ ಮಾತನ್ನು ಉಳಿಸಿಕೊಂಡಿತು: ಕಟ್ಟೆ ಒಳ್ಳೆಯದಾಗಿದೆ, ಕೆಲಸ ಜನರಿಗೆ ಸಿಕ್ಕಿಲ್ಲ. ಯಂತ್ರ ಕರೆಸಿದ ಪಂಚಾಯಿತಿಯವರು ಮೇಲಿನವರಿಗೆ ಉತ್ತರ ಕೊಡಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಕಟ್ಟೆಗೆ ನೀರು ತರುವ ಕಾಲುವೆಯನ್ನು ಊರಿನ ಹೆಂಗಸರೇ ಅಗೆದರು. ಪಾಪಕ್ಕ ಅಲ್ಲಿ ಮಣ್ಣು ಹೊರುವ ಬದಲು ನೆರಳಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಂಡು ಕೂಲಿ ಪಡೆದರು.

ತವರಿನಲ್ಲಿ ಅಷ್ಟು ಬೇಗ ಸರಿಹೋಗಲಿಲ್ಲ. ಆ ಭಾದ್ರಪದದಲ್ಲಿ ಗೌರಿ ಬಾಗಿನ ಬರಲಿಲ್ಲ. ಹಬ್ಬದ ದಿನವಿಡೀ ಬಾಗಿಲ ಕಡೆ ನೋಡಿದೆ ಎಂದು ಒಪ್ಪಿಕೊಳ್ಳುವಾಗ ಅವರ ಬೆರಳುಗಳು ತಮ್ಮ ಸೆರಗಿನ ಕುಚ್ಚಿನ ದಾರವನ್ನು ಸುಮ್ಮನೆ ಹೊಸೆಯುತ್ತವೆ. ಮರುವರ್ಷ ಸುನಿಲ್‌ಕುಮಾರ್ ತಾವೇ ಮೊರ ಹೊತ್ತು ಬಂದರು. ಕಟ್ಟೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಊಟ ಮುಗಿಸಿ ಹೊರಡುವಾಗ ತಮ್ಮ, "ನಿನ್ನ ವರದೀಲಿ ನಂಗೂ ಹೊಟ್ಟೆ ಐತೆ ಅಂತ ಬರ್ದಿದ್ಯಾ?" ಎಂದು ಕೇಳಿದರಂತೆ. ಅಂಥದ್ದು ಬರೆಯಲು ಅಲ್ಲಿ ಜಾಗವಿರಲಿಲ್ಲ.

"ಅದೊಂದು ಈಗ್ಲೂ ಕೊರೀತದೆ. ಯೋಜನೆ ಸರಿ ಇತ್ತಾ, ಇಲ್ವಾ ಅಂತ ಕೇಳಿದ್ರೆ ಒಂದೇ ಮಾತಲ್ಲಿ ಹೇಳಕ್ಕೆ ನಂಗೆ ಬರಲ್ಲ. ಆ ವರ್ಷ ಖಾತ್ರಿ ಕೆಲ್ಸದಿಂದ್ಲೇ ಒಲೆ ಹಚ್ಚಿದ ಊರುಗಳ್ನ ನೋಡಿದೀನಿ. ಏರಿ ಮೇಲೆ ಕುಂತು ಎದ್ದು ಬಂದೋರ್ನೂ ನೋಡಿದೀನಿ."

ಡೇರಿಯ ಮುಂದೆ ಜನ ಕರಗಿದ್ದಾರೆ. ಮುಂದಿನ ಊರಿಗೆ ಬಸ್ಸು ಬರುವ ಹೊತ್ತು. ನಿಮಗೇನು ಆಸೆ ಎಂದರೆ ಸ್ವಲ್ಪ ಯೋಚಿಸುತ್ತಾರೆ.

"ನಾವು ಹೋಗೋದು ಎಲ್ಲಾ ಮುಗುದ್ಮೇಲೆ. ಅಷ್ಟೊತ್ಗೆ ಹಸ್ದೋರು ಹೆಂಗೋ ದಾಟ್ಬಿಟ್ಟಿರ್ತಾರೆ. ಇನ್ನೊಂದ್ಸಲ ಅಂಥಾ ಕಾಲ ಬಂದ್ರೆ, ಅದು ನಡೀತಿರೋವಾಗ್ಲೇ ಯಾರಾದ್ರೂ ಒಬ್ರು ಹೋಗಿ ಕೇಳ್ಬೇಕು. ನಂಗೆ ನಡೆಯೋ ಶಕ್ತಿ ಇದ್ರೆ ನಾನೇ ಹೋಗ್ತೀನಿ."