ಎರಡನೇ ಹೋಳಿಗೆ

ಬೆಂಗಳೂರಿನಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು, ಎಲ್ಲೆಲ್ಲಿ ಅಡ್ಡಾಡಬೇಕು ಎಂದು ಹೇಳಿಕೊಡುವವರಿಗೆ ಈಗ ಏನೂ ಕೊರತೆಯಿಲ್ಲ. ಮೊಬೈಲು ತೆರೆದರೆ ಸಾಕು, ಯಾವನೋ ಒಬ್ಬ ದೋಸೆಯನ್ನು ಕ್ಯಾಮೆರಾದ ಮೂಗಿಗೆ ಹಿಡಿದು, ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆಯಾಡಿಸುತ್ತಿರುತ್ತಾನೆ. ನ್ಯಾಮತಿಯ ನನ್ನ ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಚ್ಚುತ್ತಾ ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಒಬ್ಬನಾದರೂ ಅಲ್ಲಿ ಕೂರಲು ಜಾಗವಿದೆಯೇ, ತಂದು ಬಡಿಸುವವರು ಇದ್ದಾರೆಯೇ ಎಂದು ಬಾಯಿ ಬಿಡುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ ಸುದ್ದಿ.

ಬೇಕಾಗಿದ್ದದ್ದು ನನಗಲ್ಲ, ನಮ್ಮ ದೊಡ್ಡವ್ವನಿಗೆ. ನನ್ನ ಅವ್ವನ ಅಕ್ಕ. ಜಗಳೂರಿನ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಬೆಳಿಗ್ಗೆ ಹೋಗಿ ಒಲೆ ಹಚ್ಚಿದರೆ ಮಕ್ಕಳು, ಮೇಷ್ಟ್ರುಗಳು ಎಲ್ಲ ಉಂಡು ಎದ್ದ ಮೇಲೆ, ಪಾತ್ರೆಯ ತಳದಲ್ಲಿ ಏನುಳಿದಿದೆಯೋ ಅದನ್ನು ಗೋಡೆಗೆ ಒರಗಿ ನಿಂತು ಬಾಯಿಗೆ ಹಾಕಿಕೊಳ್ಳುವುದು. ಮನೆಯಲ್ಲೂ ಅದೇ ಕಥೆ. ಹೋದ ವರ್ಷ, ನಿಮಗೆ ವಯಸ್ಸಾಯಿತು ಇನ್ನು ಬರಬೇಡಿ ಎಂದರು. ಶಾಲೆಯಲ್ಲಿ ಬೀಳ್ಕೊಡುಗೆಯೂ ಆಯಿತು. ಆ ದಿನ ಕೇಸರಿಬಾತು, ಚಿತ್ರಾನ್ನ ಮಾಡಿದ್ದು ಯಾರು ಎಂದುಕೊಂಡಿರಿ? ಅವಳೇ. ಒಲೆಯ ಮುಂದಿನಿಂದ ಕರೆಸಿ, ಶಾಲು ಹೊದಿಸಿ, ಫೋಟೋ ಹಿಡಿದು, ಜನಕ್ಕೆ ತಡವಾಗುತ್ತಿದೆ ಬೇಗ ಬಡಿಸಮ್ಮ ಎಂದು ವಾಪಸ್ಸು ಕಳಿಸಿದರು. ಅದನ್ನು ಅವಳು ನಗುನಗುತ್ತಲೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ ಕೇಳಿದೆ, ಇನ್ನು ಮೇಲಾದರೂ ನಿನಗೇನು ಬೇಕು ಹೇಳು ಎಂದು. ಸೀರೆ ಎನ್ನುತ್ತಾಳೆ, ಧರ್ಮಸ್ಥಳ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ:

"ಒಂದ್ಸಲ ಕುಂತ್ಕಂಡು ಉಣ್ಣಬೇಕು ಕಣೆ. ನಾನು ಕುಂತಿರಬೇಕು, ಬಡಿಸೋರು ಬಡಿಸ್ತಾ ಇರಬೇಕು."

ಇದೇನು ದೊಡ್ಡ ಮಾತು, ಮದುವೆ ಮನೆಗಳಿಗೆ ಬರವೇ ಎಂದು ನಿಮಗನ್ನಿಸಬಹುದು. ನಮ್ಮ ಕಡೆಯ ಮದುವೆ ನೋಡದವರು ಹಾಗನ್ನಬೇಕು. ಹೊನ್ನಾಳಿಯ ಛತ್ರದಲ್ಲಿ ನನ್ನ ಕಣ್ಣೆದುರಿಗೇ ಅವಳು ಎಲೆಯ ಮುಂದೆ ಕೂತಿದ್ದಳು. ಪಲ್ಯ ಬಿದ್ದಿತ್ತಷ್ಟೆ, ಯಾರೋ ನೆಂಟರು ಬಂದು, ಅಡುಗೆಯವರ ಕಡೆ ಕೈ ಸಾಲುತ್ತಿಲ್ಲ, ನೀನೊಂಚೂರು ಬಾ ಎಂದು ಎಬ್ಬಿಸಿಕೊಂಡು ಹೋದರು. ಚನ್ನಗಿರಿಯ ಗೃಹಪ್ರವೇಶದಲ್ಲಿ ಅವಳು ಬಾಗಿಲು ದಾಟುವ ಮೊದಲೇ ಸೌಟು ಕೈಗೆ ಬಂತು. ಕೈ ರುಚಿಯಿರುವ ಹೆಂಗಸನ್ನು ನಮ್ಮ ಜನ ಕೂರಲು ಬಿಡುವುದಿಲ್ಲ. ಹೊಗಳಿ ಹೊಗಳಿಯೇ ನಿಲ್ಲಿಸುತ್ತಾರೆ. ಹಾಗಾಗಿ ದೊಡ್ಡವ್ವನೇ ಒಂದು ದಾರಿ ಕಂಡುಕೊಂಡಿದ್ದಳು. ಗುರುತಿನವರು ಒಬ್ಬರೂ ಇಲ್ಲದ ಊರಿಗೆ ಹೋಗಬೇಕು, ಅಲ್ಲಿ ಯಾರೂ ಎಬ್ಬಿಸುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ನಾನು ಲೈನಿಂಗ್ ಬಟ್ಟೆ ತರಲು ಚಿಕ್ಕಪೇಟೆಗೆ ಹೋಗುವುದಿತ್ತು. ಬಾ ನನ್ನ ಜೊತೆ ಎಂದೆ.

ದಾವಣಗೆರೆಯಲ್ಲಿ ರೈಲು ಹತ್ತಿ ಹೋದೆವು. ಬುತ್ತಿ ಕಟ್ಟಲು ಹೊರಟಿದ್ದಳು, ನಾನೇ ಬೈದು ಬಿಡಿಸಿದ್ದೆ. ಆ ದಿನ ಬಟ್ಟೆಯ ಕೆಲಸ ಮುಗಿಸಿ, ಮೆಜೆಸ್ಟಿಕ್ಕಿನ ಹತ್ತಿರ ಒಂದು ಲಾಡ್ಜಿನಲ್ಲಿ ಮಲಗಿ, ಮಾರನೆಯ ದಿನವನ್ನು ಪೂರ್ತಿ ಅವಳಿಗೆಂದೇ ಇಟ್ಟಿದ್ದೆ.

ಬೆಳಿಗ್ಗೆ ಮೊಬೈಲಿನವನು ಕಣ್ಣು ಮುಚ್ಚಿ ತಲೆಯಾಡಿಸಿದ್ದ ಹೋಟೆಲಿಗೇ ಕರೆದುಕೊಂಡು ಹೋದೆ. ಒಂದು ಕುರ್ಚಿಯಿಲ್ಲ. ಎದೆಮಟ್ಟದ ಮೇಜುಗಳ ಸುತ್ತ ಜನ ನಿಂತು ಮೆಲ್ಲುತ್ತಿದ್ದಾರೆ. ಚೀಟಿ ಮಾಡಿಸಲು ಒಂದು ಸಾಲು, ಇಡ್ಲಿಗೆ ಒಂದು ಸಾಲು, ಕಾಫಿಗೆ ಇನ್ನೊಂದು. ಇಡ್ಲಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಾಫಿಯೂ ಚೆನ್ನಾಗಿತ್ತು, ನಾಲಿಗೆಗೆ ತಾಗುವಷ್ಟರಲ್ಲಿ ಮುಗಿಯಿತು ಅಷ್ಟೆ. ದೊಡ್ಡವ್ವ ತಟ್ಟೆ ಹಿಡಿದು ಅತ್ತಿತ್ತ ನೋಡಿ, ಹೊರಗಿನ ಮೆಟ್ಟಿಲ ಮೇಲೆ ಕೂತಳು. ಕಾವಲಿನವನು ಬಂದು, ಅಮ್ಮ ಇಲ್ಲಿ ಕೂರಂಗಿಲ್ಲ ಎಂದ. ಎದ್ದಳು. ತಿಂದಾದ ಮೇಲೆ ತಟ್ಟೆಯನ್ನು ತೊಳೆಯಲು ನಲ್ಲಿ ಹುಡುಕುತ್ತಿದ್ದಳು. ನಾನು ಕಿತ್ತುಕೊಂಡು ತೊಟ್ಟಿಗೆ ಹಾಕಿದೆ.

ಹತ್ತು ಗಂಟೆಯ ಹೊತ್ತಿಗೆ ದಾವಣಗೆರೆ ಬೆಣ್ಣೆದೋಸೆ ಎನ್ನುವ ಬೋರ್ಡು ಕಂಡು ಅವಳ ಮುಖ ಅರಳಿತು. ನಮ್ಮೂರಿನವರಾದರೆ ಕೂರಿಸುತ್ತಾರೆ ಎಂದುಕೊಂಡಳೋ ಏನೋ. ಅಲ್ಲೂ ಚೀಟಿ, ಅಲ್ಲೂ ನಿಲ್ಲುವುದು. ಅಂಗೈಯಗಲದ ದೋಸೆ, ಅದರ ಮೇಲೆ ಒಂದು ಚೂರು ಬೆಣ್ಣೆ, ಪಕ್ಕದಲ್ಲಿ ಸಾಂಬಾರು. ಬೆಣ್ಣೆದೋಸೆಗೆ ಸಾಂಬಾರು ಕೊಡುವವರಿಗೆ ನಮ್ಮೂರಿನ ಹೆಸರು ಬರೆದುಕೊಳ್ಳುವ ಹಕ್ಕು ಯಾರು ಕೊಟ್ಟರು? ಚಟ್ನಿಯಿದೆ, ಆಲೂಗಡ್ಡೆ ಪಲ್ಯವಿದೆ, ಮುಗಿಯಿತು. ಕೌಂಟರಿನವನಿಗೆ ಅದನ್ನೇ ಹೇಳಿದೆ. ಅವನು ನನ್ನ ಭುಜದಾಚೆ ನೋಡಿ ಮುಂದಿನವರನ್ನು ಕರೆದ.

ಮಧ್ಯಾಹ್ನ ಒಂದು ಮಾಲಿಗೆ ಹೋದೆವು. ಅಲ್ಲಿ ಕುರ್ಚಿಗಳಿದ್ದವು, ಎಲ್ಲಿ ನೋಡಿದರೂ ಕುರ್ಚಿಗಳೇ. ಆದರೆ ತಂದುಕೊಡುವವರಿಲ್ಲ. ದುಡ್ಡು ಕೊಟ್ಟರೆ ಕೈಗೊಂದು ಬಿಲ್ಲೆ ಕೊಡುತ್ತಾರೆ, ಊಟ ಸಿದ್ಧವಾದಾಗ ಅದು ಗುಂಯ್ ಎಂದು ನಡುಗುತ್ತದೆ, ಆಗ ನಾವೇ ಓಡಿಹೋಗಿ ತಟ್ಟೆ ಹೊತ್ತು ತರಬೇಕು. ಬಿಲ್ಲೆ ಕೈಯಲ್ಲಿ ನಡುಗಿದ್ದೇ ದೊಡ್ಡವ್ವ ಬೆಚ್ಚಿ ಅದನ್ನು ನೆಲಕ್ಕೆ ಬಿಟ್ಟಳು. ಪಕ್ಕದ ಮೇಜಿನವರು ನಕ್ಕರು. ಊಟವಾದ ಮೇಲೆ ಎಂಜಲು ತಟ್ಟೆ ಎತ್ತುವ ಹೆಂಗಸೊಬ್ಬಳು ತಳ್ಳುಗಾಡಿ ತಂದಳು. ದೊಡ್ಡವ್ವ ಎದ್ದು, ನಮ್ಮ ತಟ್ಟೆಗಳ ಜೊತೆಗೆ ನಕ್ಕವರ ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿ ಗಾಡಿಗೆ ಇಡತೊಡಗಿದಳು. ಅವರು ಆರಾಮಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಜಾಗ ಬಿಟ್ಟರು. ಇನ್ನೊಂದು ಕ್ಷಣ ಅಲ್ಲಿದ್ದರೆ ನಾನು ಯಾರ ಮೇಲಾದರೂ ಹರಿಹಾಯುತ್ತಿದ್ದೆ. ಅವಳ ರಟ್ಟೆ ಹಿಡಿದು ಹೊರಗೆ ಕರೆತಂದೆ.

ಲಾಲ್‌ಬಾಗಿನಲ್ಲಿ ಮಾತ್ರ ಸ್ವಲ್ಪ ನೆಮ್ಮದಿಯಾಯಿತು. ಗೇಟಿನ ಹೊರಗೆ ಕಬ್ಬಿನ ಹಾಲು ಕುಡಿದು, ಉಪ್ಪು ಖಾರ ಸವರಿದ ಸೌತೆಕಾಯಿ ಹಿಡಿದುಕೊಂಡು ಒಳಗೆ ಹೋಗಿ, ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಇಷ್ಟು ದೊಡ್ಡ ಮರಗಳನ್ನು ಕಡಿಯದೆ ಹೇಗೆ ಬಿಟ್ಟರು ಎಂದು ಅವಳಿಗೆ ಆಶ್ಚರ್ಯ. ಕಾಲು ನೀಡಿಕೊಂಡು, ಇಷ್ಟಾದರೆ ಸಾಕಲ್ಲ, ವಾಪಸ್ಸು ಹೋಗೋಣ ಎಂದಳು. ಸಾಲದು ಎಂದು ನಾನು ಹಟ ಹಿಡಿದೆ. ಸೌತೆಕಾಯಿ ತಿನ್ನಿಸಲು ಅವಳನ್ನು ಅಲ್ಲಿಯವರೆಗೆ ಕರೆತಂದಿರಲಿಲ್ಲ.

ಸಂಜೆ ಗಾಂಧಿನಗರದಲ್ಲಿ ಕೇಳಿ ಕೇಳಿ, ಕೂರಿಸಿ ಬಡಿಸುವ ಹೋಟೆಲೊಂದನ್ನು ಹಿಡಿದೆ. ಒಳಗೆ ತಣ್ಣಗಿನ ಗಾಳಿ, ಬಿಳಿ ಬಟ್ಟೆ ಹಾಸಿದ ಮೇಜು, ಸ್ಟೀಲಿನ ತಟ್ಟೆಯ ಮೇಲೆ ದುಂಡಗೆ ಕತ್ತರಿಸಿದ ಬಾಳೆ ಎಲೆ. ಬಡಿಸುವವನೊಬ್ಬ ಬಂದು ದೊಡ್ಡವ್ವನಿಗಾಗಿ ಕುರ್ಚಿ ಹಿಂದಕ್ಕೆ ಎಳೆದ. ಅವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಅವನು ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಂದು ಒಂದೊಂದಾಗಿ ಬಡಿಸುತ್ತಾ ಬಂದ. ಯಾರೂ ಅವಳನ್ನು ಎಬ್ಬಿಸಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಅನ್ನ ಸಾರು ಆದ ಮೇಲೆ ಅವನು ಮತ್ತೆ ಬಂದು ಅನ್ನದ ಪಾತ್ರೆ ಬಗ್ಗಿಸಿದ. ದೊಡ್ಡವ್ವ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಸಾಕು ಸಾಕು ಎಂದಳು. ಅವನು ಹೊರಟುಹೋದ.

ನಮ್ಮ ಕಡೆ ಮೊದಲ ಸಲ ಕೇಳಿದಾಗ ಯಾರೂ ಹೂಂ ಎನ್ನುವುದಿಲ್ಲ. ಹೂಂ ಎಂದವರನ್ನು ಊಟ ಕಾಣದವರು ಎನ್ನುತ್ತಾರೆ. ಉಣ್ಣುವವರು ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಕೈಯ ಸಂದಿಯಲ್ಲಿ ಹಾಕಲು ನೋಡಬೇಕು. ಅಯ್ಯೋ ಬೇಡ ಎಂದರೆ, ನನ್ನಾಣೆ ಒಂದೇ ಒಂದು ಚೂರು ಎನ್ನಬೇಕು. ಮೂರನೆಯ ಸಲಕ್ಕೆ ಕೈ ತಾನಾಗಿ ಸರಿಯುತ್ತದೆ. ಬಡತನದ ಮನೆಯಲ್ಲೂ ಇದು ತಪ್ಪುವುದಿಲ್ಲ. ಮೊದಲ ಮಾತಿಗೇ ಪಾತ್ರೆ ಎತ್ತಿಕೊಂಡು ಹೋದವರ ಮನೆಗೆ ಮತ್ತೆ ಕಾಲಿಡಬಾರದು ಎನ್ನುವವರಿದ್ದಾರೆ. ದೊಡ್ಡವ್ವ ಇಷ್ಟು ವರ್ಷ ಊರಿನವರಿಗೆಲ್ಲ ಹಾಗೆ ಬಲವಂತ ಮಾಡಿ ಉಣ್ಣಿಸಿದವಳು. ತನಗೂ ಯಾರಾದರೂ ಹಾಗೆ ಮಾಡಲಿ ಎನ್ನುವುದೇ ಅವಳ ಆಸೆಯ ಹೂರಣ ಎಂದು ನನಗೆ ಹೊಳೆದದ್ದು ಅವಳು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತಾಗ.

ಆಮೇಲೆ ಹೋಳಿಗೆ ಬಂತು. ಅವನು ಒಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟ. ಅವಳು ಚೂರು ಚೂರೇ ಮುರಿದು, ಹೂರಣ ಹದವಾಗಿದೆ ಎಂದು ಮೆಚ್ಚಿ ತಿಂದಳು. ಅವನು ಎರಡನೆಯದನ್ನು ಇಕ್ಕಳದಲ್ಲಿ ಹಿಡಿದು ಬಂದು, ಇನ್ನೊಂದು ಹಾಕಲಾ ಎಂದು ಕೇಳಿದ. ದೊಡ್ಡವ್ವ ನಗುತ್ತಾ ಕೈ ಅಡ್ಡ ಹಿಡಿದು, ಬೇಡಪ್ಪ ಎಂದಳು. ಅವನು ಆ ಹೋಳಿಗೆಯನ್ನು ಪಕ್ಕದ ಮೇಜಿನವರ ಎಲೆಗೆ ಹಾಕಿದ. ಅವಳ ಕೈ ಎಲೆಯ ಮೇಲೆ ಹಾಗೇ ಇತ್ತು. ನಗು ಮಾತ್ರ ನಿಧಾನವಾಗಿ ಹೋಯಿತು.

ನಾನು ಅವನನ್ನು ಕರೆದೆ. ನಮ್ಮ ದೊಡ್ಡವ್ವನಿಗೆ ಇನ್ನೊಂದು ಸಲ ಕೇಳಪ್ಪ ಎಂದೆ. ಅವರೇ ಬೇಡ ಅಂದರಲ್ಲ ಮೇಡಂ ಎಂದ. ಅವನ ತಪ್ಪೇನೂ ಇರಲಿಲ್ಲ. ಆದರೂ ಸಿಟ್ಟು ಯಾರ ಮೇಲೆ ಬರಬೇಕು ಎಂದು ನೋಡಿಕೊಂಡು ಬರುತ್ತದೆಯೇ? ಹಾಕಿಸಿಕೊಳ್ಳೇ, ನಾನು ಹೇಳುತ್ತೇನೆ ಎಂದರೆ ದೊಡ್ಡವ್ವ ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದಳು:

"ಬ್ಯಾಡ ಬಿಡು. ಕೇಳಿ ಹಾಕಿಸ್ಕಳಾಕೆ ನಾನೇನು ಭಿಕ್ಷಕ್ಕೆ ಬಂದೀನಾ?"

ನಾನು ಎದ್ದೆ. ಗೋಡೆಯ ಪಕ್ಕದ ಮೇಜಿನ ಮೇಲಿದ್ದ ಹೋಳಿಗೆಯ ತಟ್ಟೆಯನ್ನೂ ತುಪ್ಪದ ಗಿಂಡಿಯನ್ನೂ ಎತ್ತಿಕೊಂಡೆ. ಬಡಿಸುವವನು ಗಾಬರಿಯಾಗಿ ಹಿಂದೆ ಬಂದ. ಮ್ಯಾನೇಜರು ಬಂದು, ಗಿರಾಕಿಗಳು ಪಾತ್ರೆ ಮುಟ್ಟಬಾರದು, ಇಲ್ಲಿ ಪದ್ಧತಿಯಿದೆ ಎಂದ. ಪದ್ಧತಿ! ಬೆಳಗಿನಿಂದ ಈ ಊರು ಒಂದು ಮುದುಕಿಯನ್ನು ನಿಲ್ಲಿಸಿ ತಿನ್ನಿಸಿತು, ಮೆಟ್ಟಿಲಿಂದ ಎಬ್ಬಿಸಿತು, ಎಂಜಲು ತಟ್ಟೆ ಎತ್ತಲು ಬಿಟ್ಟಿತು, ಈಗ ದುಡ್ಡು ಕೊಟ್ಟು ಉಣ್ಣುವ ಊಟದಲ್ಲೂ ಅರೆಹೊಟ್ಟೆಯಲ್ಲಿ ಏಳಿಸುತ್ತಿದೆ, ನಿಮಗಿಂತ ನಮಗೆ ಪದ್ಧತಿ ಗೊತ್ತು, ಸ್ವಲ್ಪ ಸರಿಯಿರಿ ಎಂದೆ. ಗಂಟಲು ದೊಡ್ಡದಾಗಿತ್ತು. ಜನ ಉಣ್ಣುವುದು ಬಿಟ್ಟು ನೋಡಿದರು. ನೋಡಲಿ ಎಂದುಕೊಂಡೆ.

ದೊಡ್ಡವ್ವನ ಪಕ್ಕ ನಿಂತು, ಇನ್ನೊಂದು ಎಂದೆ. ಅವಳು ಕೈ ಅಡ್ಡ ಹಿಡಿದು, ಬ್ಯಾಡ ಕಣೆ ಎಂದಳು. ಒಂದೇ ಒಂದು ಎಂದೆ. ಹೊಟ್ಟೆಯಲ್ಲಿ ಜಾಗವಿಲ್ಲ ಎಂದಳು. ನನ್ನಾಣೆ ಎಂದೆ. ಕೈ ಸರಿಯಿತು. ಹೋಳಿಗೆ ಹಾಕಿ, ಅದು ಮುಳುಗುವಂತೆ ತುಪ್ಪ ಸುರಿದೆ. ಅವಳು ತಿಂದಳು. ಆತುರವಿಲ್ಲದೆ, ಯಾರ ಕಡೆಯೂ ನೋಡದೆ, ಬೆರಳು ನೆಕ್ಕಿಕೊಂಡು ತಿಂದಳು. ಮ್ಯಾನೇಜರು ಏನೋ ಗೊಣಗಿ ಗಲ್ಲಾಕ್ಕೆ ಹೋದ. ನಾನು ಇನ್ನೊಂದು ಹಾಕಿದೆ, ಅದಕ್ಕೂ ಮೂರು ಸಲ ಜಗಳವಾಡಿ ಹಾಕಿಸಿಕೊಂಡಳು. ಅವಳು ಹೀಗೆ ಕೂತು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ತಟ್ಟೆಯನ್ನು ಇಟ್ಟು ಬಂದು ನನ್ನ ಜಾಗದಲ್ಲಿ ಕೂತೆ. ನನ್ನ ಎಲೆಯಲ್ಲಿ ಅನ್ನ ತಣ್ಣಗಾಗಿ ಕೂತಿತ್ತು. ದೊಡ್ಡವ್ವ ಅದನ್ನು ನೋಡಿದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ತಲೆಯೆತ್ತಿದರೆ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿ ಅನ್ನ ಎಲ್ಲಿಟ್ಟಿದ್ದಾರೆ ಎಂದು ಆಗಲೇ ಹುಡುಕುತ್ತಿದ್ದಾಳೆ.

"ಕುಂತ್ಕ ದೊಡ್ಡವ್ವ," ಎಂದೆ. ಮ್ಯಾನೇಜರಿಗೆ ಕೂಗಿದ್ದಕ್ಕಿಂತ ಜೋರಾಗಿ ಬಂತು.

ಅವಳು ಕೂತಳು. ನಾನು ಆರಿದ ಅನ್ನ ಕಲಸಿಕೊಂಡು ತಿನ್ನತೊಡಗಿದೆ. ಎದುರಿಗೆ ಅವಳ ಕೈ ಮೇಜಿನ ಮೇಲೆ ಬಂತು, ನೀರಿನ ಲೋಟವನ್ನು ನನ್ನ ಕಡೆ ಸರಿಸಿತು, ಉಪ್ಪಿನ ಬಟ್ಟಲನ್ನು ಮುಟ್ಟಿತು, ಮತ್ತೆ ಮಡಿಲಿಗೆ ಹೋಯಿತು, ಮತ್ತೆ ಬಂತು. ಇನ್ನೊಬ್ಬರು ಉಣ್ಣುವಾಗ ಕೈಗಳನ್ನು ಎಲ್ಲಿಟ್ಟುಕೊಂಡು ಕೂರಬೇಕೆಂದು ಅವಳಿಗೆ ಗೊತ್ತಿರಲಿಲ್ಲ.