ಘಟ್ಟ ಏರಿದ ಭಟ್ಟಿಯ ಉಸುಕು

ಈ ವರ್ಷ ನಿವೃತ್ತರಾಗುತ್ತಿರುವ, ನಮ್ಮ ಸೀಮೆಯ ಎಂಜಿನ್ ಚಾಲಕರಲ್ಲಿ ಅಗ್ರಗಣ್ಯರಾದ ಮುನವಳ್ಳಿಯ ಫಕ್ರುಸಾಬರು ೧೯೧೧ರ ಆಷಾಢದಲ್ಲಿ ಎಂಬತ್ತು ಡಬ್ಬಿ ಉಪ್ಪಿನ ಗಾಡಿಯನ್ನು ಕ್ಯಾಸಲ್‌ರಾಕ್ ಘಟ್ಟ ಏರಿಸಿದಾಗ, ಗುಡ್ಡವೇ ನಾಚಿ ನಾಲ್ಕು ಮೊಳ ತಗ್ಗಿತೆಂಬುದೂ, ಮರುದಿನ ಸರ್ವೇಯವರು ಸರಪಳಿ ಹಿಡಿದು ಅಳೆದು ಬೆಪ್ಪಾದರೆಂಬುದೂ ಲೋಕವೇ ಬಲ್ಲ ಸಂಗತಿ. ಅವರ ಕೈಕೆಳಗೆ ಎಂಜಿನ್ನಿಗೆ ಕಲ್ಲಿದ್ದಲು ಉಣಿಸಿದ ಫೈರ್‌ಮನ್, ದೇಗಾಂವದ ಲಗಮಪ್ಪ, ಎಂದರೆ ಈ ಲೇಖಕ, ಅದಕ್ಕೆ ಕಣ್ಣಾರೆ ಸಾಕ್ಷಿ.

ಚುರುಮರಿ ಹುರಿಯುವ ಮನೆತನದಲ್ಲಿ ಹುಟ್ಟಿದ ಸಾಬರು ೧೮೯೭ರಲ್ಲಿ ಎಂಜಿನ್ ಶೆಡ್ಡಿನ ಬೂದಿ ಬಾಚಲು ಸೇರಿ, ಒಂಬತ್ತೇ ವರ್ಷದಲ್ಲಿ ಚಾಲಕರಾದರು. ಏರಿನಲ್ಲಿ ಅವರ ಕೈಗುಣ ನೋಡಬೇಕು. ಚಕ್ರ ಜಾರಿ ನಿಂತಲ್ಲೇ ತಿರುಗಿದರೆ ಉಳಿದವರು ಉಗಿ ಹೆಚ್ಚಿಸುವರು, ಇವರು ತಗ್ಗಿಸುವರು. ಹಳಿಗೆ ಒಂದಿಷ್ಟು ಉಸುಕು ಬಿಟ್ಟು, ಚಕ್ರ ಹಳಿ ಕಚ್ಚಿದ ಮೇಲೆ, ಚುರುಮರಿ ಸೀಯದಂತೆ ಹುರಿಯುವ ತಾಳ್ಮೆಯಿಂದ ಮತ್ತೆ ಉಗಿ ಏರಿಸುವರು. ಆ ಉಸುಕು ಬೆರಳ ಸಂದಿಯಿಂದ ನೀರಿನಂತೆ ಇಳಿಯುವಷ್ಟು ಒಣಗಿರಬೇಕು. ಹೊರಡುವ ಮೊದಲು ಅದನ್ನು ಹುರಿದು ಎಂಜಿನ್ನಿನ ಪೆಟ್ಟಿಗೆಗೆ ತುಂಬುವುದು ಫೈರ್‌ಮನ್ನನ ಕೆಲಸ.

ಅಂದು ನಡುಘಟ್ಟದ ತಿರುವಿನಲ್ಲಿ ಚಕ್ರ ಜಾರಿತು. ಉಸುಕು ಹಸಿ ಮುದ್ದೆಯಾಗಿ, ಅದನ್ನು ಹಳಿಗೆ ಬಿಡುವ ಕೊಳವೆ ಕಟ್ಟಿಕೊಂಡಿತ್ತು. ಮಳೆ ಅಂಥದು, ಪೆಟ್ಟಿಗೆಯೊಳಗೆ ಮೀನು ಈಜುತ್ತಿದ್ದವು. ಗಾಡಿ ನಿಂತಿತು; ಬ್ರೇಕು ಸಡಿಲಿದರೆ ಇಡೀ ಗಾಡಿ ಹಿಂದಕ್ಕುರುಳಿ ಕಣಿವೆಗೆ. ಸಾಬರು ಗದರಲಿಲ್ಲ. ಕೂಡುವ ಹಲಗೆಯ ಕೆಳಗಿನಿಂದ ಚುರುಮರಿ ಹುರಿಯಲು ಕಾಯಿಸಿದ, ಮನೆಯ ಭಟ್ಟಿಯ ಒಣ ಉಸುಕಿನ ಚೀಲವೊಂದನ್ನು ಎಳೆದರು.

“ಲಗಮಪ್ಪಾ, ಇಳಿ. ಹಳಿ ಮ್ಯಾಲ ಸಣ್ಣಗ ಉದರಿಸಿಕೋತ ಮುಂದ ನಡಿ, ಪಲ್ಯಾಕ ಉಪ್ಪು ಹಾಕಿಧಂಗ.”

“ಎಂಜಿನ್ ಮೈಮ್ಯಾಲ ಬಂದ್ರರಿ?”

“ನಾ ಅದೀನಲ್ಲೋ. ನಡಿ!”

ಮುಂದೆ ಲೇಖಕ, ಹಿಂದೆ ಎತ್ತಿನ ನಡಿಗೆಯಲ್ಲಿ ಎಂಜಿನ್ನು. ತಿರುವು ದಾಟುವವರೆಗೆ ಅದು ಅವನ ಹಿಮ್ಮಡಿ ಮುಟ್ಟಲಿಲ್ಲ.

ಗಾಡಿ ತಡವಾದದ್ದೇಕೆಂದು ಶೆಡ್ಡಿನ ಸಾಹೇಬ ಕೇಳಿದ. ತಪ್ಪು ಯಾರದೋ ಅವರ ನೌಕರಿ ಹೋಗುವುದಿತ್ತು. “ಮಳಿ ಭಾಳಿತ್ರಿ” ಎಂದಷ್ಟೇ ಹೇಳಿದರು ಸಾಬರು. ನೌಕರಿ ಯಾರದೂ ಹೋಗಲಿಲ್ಲ. ಸಾಬರಿಗೆ ಬರಬೇಕಿದ್ದ ಮೇಲ್ ಗಾಡಿಯ ಬಡ್ತಿ ಮಾತ್ರ ಮೂರು ವರ್ಷ ಮುಂದಕ್ಕೆ ಹೋಯಿತು.

ಇಷ್ಟನ್ನೂ ಮೊನ್ನೆ ಸಾಬರ ಮನೆಯಲ್ಲಿ ಓದಿ ತೋರಿಸಿದಾಗ ಅವರ ಪತ್ನಿ ಹಮೀದಾಬಿಯವರು ಮೊರ ಕೆಳಗಿಟ್ಟರು.

“ಲಗಮಪ್ಪಣ್ಣಾ, ಪೆಟಗಿಗಿ ಮುಚ್ಚಳಾ ಇರಲಿಲ್ಲೇನು?”

“ಇತ್ತ್ರೀ...”

“ಮತ್ತ ಮಳಿ ಹ್ಯಾಂಗ ಹೊಕ್ಕಿತು? ನಾ ಭಟ್ಟಿಯಾಕಿ. ಹುರದದ್ದು ಯಾವದು, ಹುರೀಲಾರದ್ದು ಯಾವದು, ನನಗ ಕಲಿಸಬ್ಯಾಡ.”

“ಮಳಿ ಭಾಳಿತ್ತ ಬಿಡ, ಹಮೀದಾ” ಎಂದರು ಸಾಬರು, ಹದಿನಾಲ್ಕು ವರ್ಷಗಳ ಮೇಲೆ, ಅದೇ ದನಿಯಲ್ಲಿ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಈ ಲೇಖಕ ಅಂದು ಸಾಬರದೇ ಚುರುಮರಿ ತಿಂದು, ಉಸುಕು ಹುರಿಯುವ ಒಲೆಯ ಬಿಸಿಗೆ ಬೆಚ್ಚಗೆ ನಿದ್ದೆ ಹೊಡೆದು, ಹಸಿ ಉಸುಕನ್ನೇ ಪೆಟ್ಟಿಗೆಗೆ ಸುರಿದು ಮುಚ್ಚಳ ಹಾಕಿದ್ದ. ಮೀನಿರಲಿಲ್ಲ. ಡಬ್ಬಿ ಹನ್ನೆರಡೇ. ಗುಡ್ಡ ಇದ್ದಷ್ಟೇ ಎತ್ತರವಿದೆ. ಇದೆಲ್ಲ ಸಾಬರಿಗೆ ಅಂದೇ ಗೊತ್ತಿತ್ತು.

ಫಕ್ರುಸಾಬರು ನೂರು ವರ್ಷ ಸುಖವಾಗಿರಲಿ. ಮನೆಯ ಭಟ್ಟಿಗೆ ಮರಳುವ ಆ ಕೈ ಚುರುಮರಿ ಹುರಿಯುತ್ತಲೇ ಇರಲಿ. ಆ ಭಟ್ಟಿಗೆ ಉಸುಕು ಒಣಗಿಸಿಕೊಡುವ ಕೆಲಸವನ್ನು ಈ ಲೇಖಕ ಬೇಡಿ ಪಡೆದಿದ್ದಾನೆ. ಎದುರಿಗೇ ಕೂತು ಕಾಯುವುದಾಗಿ ಹಮೀದಾಬಿಯವರು ಹೇಳಿದ್ದಾರೆ.